ಈ ಅಳತೆ ಎಲ್ಲಿಂದ ಬಂತು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನ ಕೊಠಡಿಯ ಸೂರಿನಿಂದ ತೂಗುಬಿಟ್ಟಿರುವ ವಿಮಾನವನ್ನು ಬೆಳಗ್ಗೆಯಿಂದ ನೀವೆಲ್ಲ ನೋಡಿದ್ದೀರಿ. ತಿಂಡಿಯ ಹೊತ್ತಿನಲ್ಲಿ ನನ್ನ ಸಹಪಾಠಿಯೊಬ್ಬ ಪಕ್ಕಕ್ಕೆ ಕರೆದ. ಅವನದು ಬಡಗಿ ಮನೆತನ, ಕಣ್ಣಳತೆ ತಪ್ಪುವುದಿಲ್ಲ. "ಏನ್ಲಾ, ಮೂವತ್ತು ವರ್ಷ ಡ್ರಾಯಿಂಗ್ ಬರ್ದೋನು ನೀನು, ಎರಡು ರೆಕ್ಕೆ ಸಮ ಮಾಡಕ್ಕಾಗ್ನಿಲ್ವಾ? ಬಲಗಡೇದು ಒಂದು ಇಂಚು ಉದ್ದ ಐತೆ" ಅಂದ. ಅವನು ಹೇಳಿದ್ದು ಸರಿ. ಒಂದು ಇಂಚು ಉದ್ದ ಇದೆ. ನನಗೆ ಕೊಟ್ಟಿರುವ ಸಮಯದಲ್ಲಿ ಆ ಒಂದು ಇಂಚಿನ ಕಥೆಯನ್ನು ಮಾತ್ರ ಹೇಳಿ ಮುಗಿಸುತ್ತೇನೆ.

ಈ ಶಾಲೆಯಿಂದ ಹೊರಟವನು ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆದೆ. ನಿವೃತ್ತಿಯಾಗಿ ಊರಿಗೆ ಬಂದು ಕಬ್ಬಿನ ಗದ್ದೆ ನೋಡಿಕೊಂಡಿದ್ದೆ. ಎರಡು ವರ್ಷದ ಹಿಂದೆ ಮುಖ್ಯೋಪಾಧ್ಯಾಯರು ಮನೆಗೆ ಬಂದು, "ಸುವರ್ಣ ಮಹೋತ್ಸವಕ್ಕೆ ಮಕ್ಕಳ ಕೈಯಿಂದಲೇ ಏನಾದರೂ ಮಾಡಿಸಿಕೊಡಿ" ಎಂದರು. ನಾನು ಹಿಂದೆಮುಂದೆ ನೋಡದೆ "ವಿಮಾನ" ಎಂದುಬಿಟ್ಟೆ. ಹಾರುವ ವಿಮಾನ ಅಲ್ಲ. ಹಳೆಯ ವಿಮಾನವೊಂದರ ಪ್ರತಿರೂಪ, ಅಳತೆ ತಪ್ಪದ ಹಾಗೆ.

ಹೇಳುವುದು ಸುಲಭ. ಮಾಡಬೇಕಾದರೆ ಮೊದಲು ನಕ್ಷೆ ಬೇಕು. ನನ್ನ ಮನಸ್ಸಿನಲ್ಲಿ ಮೊದಲು ಇದ್ದದ್ದು ನಮ್ಮ ಬೆಂಗಳೂರಿನ ಎಚ್‌ಟಿ-2. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುವಾದದ್ದು 1940ರ ಡಿಸೆಂಬರಿನಲ್ಲಿ, ವಾಲಚಂದ್ ಹೀರಾಚಂದರ ಸಾಹಸ ಮತ್ತು ಮೈಸೂರು ಸರ್ಕಾರದ ಬೆಂಬಲದಿಂದ. ಅಲ್ಲಿ ಡಾ. ವಿ.ಎಂ. ಘಾಟಗೆಯವರು ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಆದರೆ ಅದರ ಮೈಯೆಲ್ಲ ಲೋಹ. ಹೈಸ್ಕೂಲಿನ ಮಕ್ಕಳ ಕೈಗೆ ಮರ, ಬಿದಿರು, ಬಟ್ಟೆ ಒಗ್ಗುತ್ತದೆಯೇ ಹೊರತು ತಗಡಿನ ಕೆಲಸ ಒಗ್ಗುವುದಿಲ್ಲ. ಅದನ್ನು ಬಿಟ್ಟೆ.

ಸುದ್ದಿ ಊರಲ್ಲಿ ಹರಡಿತು. ನನಗೆ ದೊಡ್ಡಪ್ಪನ ಸಮಾನರಾದ ಹಿರಿಯರೊಬ್ಬರು ಒಂದು ಪುಸ್ತಕ ತಂದು ಕೈಗಿಟ್ಟರು. "ಅಮೇರಿಕದೋರ್ದು ಯಾಕಪ್ಪ? ನಮ್ಮೋರೇ ಮಾಡವ್ರೆ ನೋಡು, ಚಿತ್ರ ಸಮೇತ ಐತೆ" ಎಂದರು. ಅದು ವೈಮಾನಿಕ ಶಾಸ್ತ್ರ. ಅದನ್ನು ಹೇಳಿ ಬರೆಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. 1918ರಿಂದ 1923ರವರೆಗೆ ಅವರು ಹೇಳುತ್ತಾ ಹೋದರು, ಇನ್ನೊಬ್ಬರು ಬರೆದುಕೊಂಡರು. ಮೈಸೂರಿನ ಜಿ.ಆರ್. ಜೋಸ್ಯರ್ ಅದನ್ನು 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಹೊರತಂದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಚಿತ್ರಗಳು ಅದರಲ್ಲಿವೆ. ಅವನ್ನು ಬರೆದವರು ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್.

ನನ್ನದೇ ವೃತ್ತಿಯವರು ಎಂದು ತಿಳಿದಾಗ ನನಗೆ ಖುಷಿಯಾಯಿತು. ಒಂದು ವಾರ ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತೆ. ಭಾಗಗಳಿಗೆ ಹೆಸರುಗಳಿವೆ, ಅಳತೆಗಳೂ ಇವೆ. ಆದರೆ ಇಷ್ಟು ಭಾರವನ್ನು ಎತ್ತುವುದು ಯಾವುದು, ಗಾಳಿ ಎಲ್ಲಿ ಹಿಡಿಯುತ್ತದೆ, ತೂಕದ ನಡುಬಿಂದು ಎಲ್ಲಿ ಬರುತ್ತದೆ ಎಂದು ಕೇಳಿದರೆ ಚಿತ್ರ ಉತ್ತರ ಕೊಡಲಿಲ್ಲ. ಈ ಪ್ರಶ್ನೆಗಳನ್ನು ನನಗಿಂತ ಮುಂಚೆ, ನನಗಿಂತ ಚೆನ್ನಾಗಿ ಕೇಳಿದವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಅವರ ನಾಲ್ವರು ಸಂಗಡಿಗರು 1974ರಲ್ಲಿ ಆ ಪುಸ್ತಕವನ್ನು ಲೆಕ್ಕ ಹಾಕಿ ಪರೀಕ್ಷಿಸಿದರು. ಅವರು ಮೊದಲೇ ತಳ್ಳಿಹಾಕಲಿಲ್ಲ. ಭಾಷೆ ನೋಡಿದರು, ಆಕಾರ ನೋಡಿದರು, ತೂಕ ನೋಡಿದರು. ಪುಸ್ತಕ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿ ಬರೆದಿರುವ ಯಾವ ವಿಮಾನವೂ ಹಾರಲಾರದು ಎಂಬ ತೀರ್ಮಾನಕ್ಕೆ ಬಂದರು.

ಪುಸ್ತಕ ಹಿಂತಿರುಗಿಸಲು ಹೋದಾಗ ಹಿರಿಯರು, "ಹಂಗಾದ್ರೆ ಸುಳ್ಳಾ?" ಎಂದು ಕೇಳಿದರು. ನಾನು, "ದೊಡ್ಡಪ್ಪ, ಸುಬ್ಬರಾಯ ಶಾಸ್ತ್ರಿಗಳು ದೊಡ್ಡ ಪಂಡಿತರೇ ಇರಬಹುದು. ಎಲ್ಲಪ್ಪನವರ ಕೈಯೂ ಪಳಗಿದ ಕೈಯೇ. ಆದರೆ ಯಾರೂ ಅಳೆಯದೆ ಇರೋ ಅಳತೆಯನ್ನ ಎಷ್ಟು ಚೆನ್ನಾಗಿ ಬರೆದರೂ ಅದು ಚಿತ್ರವಾಗುತ್ತೆ, ನಕ್ಷೆ ಆಗಲ್ಲ" ಎಂದೆ. ಬಹಳ ಜಾಣ ಮಾತು ಆಡಿದೆ ಎಂದುಕೊಂಡು ಮನೆಗೆ ಬಂದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಎರಡೇ ತಿಂಗಳಲ್ಲಿ ಅದು ನನಗೇ ತಿರುಗಿತು.

ಕೊನೆಗೆ ಆರಿಸಿಕೊಂಡದ್ದು ರೈಟ್ ಸಹೋದರರ 1903ರ ವಿಮಾನ. ಅವರು ಸೈಕಲ್ ಅಂಗಡಿಯವರು. ಮರದ ಚೌಕಟ್ಟು, ಮೇಲೆ ಹತ್ತಿ ಬಟ್ಟೆ, ಒಂದರ ಮೇಲೊಂದು ಎರಡು ರೆಕ್ಕೆ, 12 ಅಶ್ವಶಕ್ತಿಯ ಇಂಜಿನ್, ಅದರಿಂದ ಎರಡು ಪಂಖಗಳನ್ನು ತಿರುಗಿಸಲು ಸೈಕಲ್ಲಿನ ಹಾಗೆ ಚೈನು. ಇದು ನಮ್ಮ ಮಕ್ಕಳಿಗೆ ಅರ್ಥವಾಗುವ ಯಂತ್ರ. ರೆಕ್ಕೆಯ ತುದಿಯಿಂದ ತುದಿಗೆ 40 ಅಡಿ 4 ಇಂಚು. ಕಾಲು ಭಾಗಕ್ಕೆ ಇಳಿಸಿದರೆ 10 ಅಡಿ 1 ಇಂಚು. ನಮ್ಮ ಕೊಠಡಿಯಲ್ಲಿ ಹಿಡಿಸುತ್ತದೆ.

ಆದರೆ ರೈಟ್ ಸಹೋದರರು ಈಗಿನ ಹಾಗೆ ಹಾಳೆ ಹಾಳೆಯಾಗಿ ಪೂರ್ತಿ ನಕ್ಷೆಗಳನ್ನು ಬಿಟ್ಟುಹೋಗಿಲ್ಲ. ಬಹಳಷ್ಟು ಅವರ ತಲೆಯಲ್ಲಿ, ಟಿಪ್ಪಣಿಗಳಲ್ಲಿ, ಕೈಯಲ್ಲಿ ಇತ್ತು. ಅಳೆದು ಬರೆದ ನಕ್ಷೆ ಹುಡುಕಬೇಕಿತ್ತು. ನನಗೆ ತಾಳ್ಮೆ ಸಾಲಲಿಲ್ಲ. ಫೋಟೋಗಳನ್ನು ಮುಂದಿಟ್ಟುಕೊಂಡು, ಒಟ್ಟು ಉದ್ದವನ್ನು ಎರಡು ಪಾಲು ಮಾಡಿ, ಎಡಕ್ಕೆ ಐದು ಅಡಿ ಅರ್ಧ ಇಂಚು, ಬಲಕ್ಕೆ ಐದು ಅಡಿ ಅರ್ಧ ಇಂಚು ಎಂದು ಬರೆದೆ. ಕೆಳಗೆ ಸಹಿ ಹಾಕಿ ತರಗತಿಯ ಗೋಡೆಗೆ ಅಂಟಿಸಿದೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಈ ಅಳತೆ ಎಲ್ಲಿಂದ ಬಂತು?" ಎಂದು ಕೇಳಿದಳು.

ಕೇಳಿದ್ದು ಅಷ್ಟೇ. ಮುಖದಲ್ಲಿ ಉದ್ಧಟತನ ಇರಲಿಲ್ಲ. ನಾನು, "ನೀನು ಹುಟ್ಟೋಕ್ ಮುಂಚಿಂದ ಡ್ರಾಯಿಂಗ್ ಬರೀತಿದೀನಿ ಕಣಮ್ಮ, ಕೂತ್ಕೊ" ಎಂದೆ. ಮಕ್ಕಳು ನಕ್ಕರು. ಅವಳು ಕೂತಳು. ಆಮೇಲೆ ಒಂದು ತಿಂಗಳು ಅವಳು ಬಾಯಿ ಬಿಡಲಿಲ್ಲ. ಆಚಾರ್ರು ಬಂದು ನನ್ನ ನಕ್ಷೆಯಂತೆ ರೀಪುಗಳನ್ನು ಕೊಯ್ದುಕೊಟ್ಟರು. ಮಕ್ಕಳು ಬಿದಿರ ದಬ್ಬೆ ಸೀಳಿ ನೀರಲ್ಲಿ ನೆನೆಸಿ ಬಗ್ಗಿಸಲು ಶುರು ಮಾಡಿದರು.

ಅಷ್ಟರಲ್ಲಿ ಮಕ್ಕಳನ್ನು ಮದ್ದೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ವಿಮಾನದ ಪೂರ್ಣ ಗಾತ್ರದ ಪ್ರತಿರೂಪವಿದೆ. ಮುಟ್ಟಿ ಅಳೆಯುವ ಹಾಗಿಲ್ಲ, ಸುತ್ತ ನಿಂತು ನೋಡಬೇಕು. ಎಲ್ಲರೂ ಪಂಖ ನೋಡುತ್ತಿದ್ದರೆ ಆ ಹುಡುಗಿ ನಡುವೆ ನೋಡುತ್ತಾ ನಿಂತಿದ್ದಳು. ಬರುವಾಗ ರೈಲಿನಲ್ಲಿ ನಮ್ಮ ವಿಜ್ಞಾನದ ಮೇಡಂ ಕಿವಿಯಲ್ಲಿ ಏನೋ ಹೇಳಿದಳು. ನನಗೆ ಹೇಳಲು ಅವಳಿಗೆ ಧೈರ್ಯ ಇರಲಿಲ್ಲ. ಮೇಡಂ ನನಗೆ ದಾಟಿಸಿದರು: "ಇಂಜಿನ್ ಮಧ್ಯದಲ್ಲಿಲ್ಲವಂತೆ ಸಾರ್. ಬಲಕ್ಕಿದೆ. ಮಲಗಿ ಓಡಿಸೋನು ಎಡಕ್ಕೆ. ಎರಡೂ ಒಂದೇ ತೂಕ ಇರುತ್ತಾ ಅಂತ ಕೇಳ್ತಿದಾಳೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮೇರಿಕದಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. ಮೂಲ ವಿಮಾನ ಇರುವುದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ. ಆ ವಿಮಾನ 1903ರ ಡಿಸೆಂಬರ್ 17ರಂದು ನಾಲ್ಕು ಸಲ ಹಾರಿತು. ಮೊದಲ ಸಲ 12 ಸೆಕೆಂಡು, 120 ಅಡಿ. ಕೊನೆಯ ಸಲ 59 ಸೆಕೆಂಡು, 852 ಅಡಿ. ಅದಾದ ಮೇಲೆ ಬಿರುಗಾಳಿ ಅದನ್ನು ಉರುಳಿಸಿ ಮುರಿಯಿತು. ಅದು ಮತ್ತೆ ಹಾರಲೇ ಇಲ್ಲ. ಆರ್ವಿಲ್ ರೈಟ್ ಅದನ್ನು ಜೋಡಿಸಿ 1928ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಕಳಿಸಿದರು. ಅಲ್ಲಿ ಅದನ್ನು ಅಳೆದು ನಕ್ಷೆ ಬರೆದರು. 1948ರಲ್ಲಿ ಅದು ವಾಷಿಂಗ್ಟನ್ನಿಗೆ ಬಂತು. 1985ರಲ್ಲಿ ಬಿಚ್ಚಿ ಸಂರಕ್ಷಣೆ ಮಾಡಿದಾಗ ಮತ್ತೆ ಒಂದೊಂದು ಭಾಗವನ್ನೂ ಪರಿಶೀಲಿಸಿದರು.

ಅಳೆದು ಬರೆದ ನಕ್ಷೆಯ ಪ್ರತಿ ತಂಗಿಯ ಮಗನಿಂದ ಬಂತು. ಕನ್ನಡಕ ಒರೆಸಿಕೊಂಡು ನೋಡಿದೆ. ಬಲಗಡೆ ರೆಕ್ಕೆ ಎಡಗಡೆಗಿಂತ ಸುಮಾರು 4 ಇಂಚು ಉದ್ದ. ಇಂಜಿನ್ನಿನ ತೂಕ ಪಕ್ಕದಲ್ಲಿ ಮಲಗುವವನ ತೂಕಕ್ಕಿಂತ ಹೆಚ್ಚು. ಆ ಭಾರವನ್ನು ಹೊರಲು ಆ ಕಡೆಯ ರೆಕ್ಕೆಯನ್ನು ಬೇಕೆಂದೇ ಉದ್ದ ಮಾಡಿದ್ದರು. ನಮ್ಮ ಕಾಲು ಅಳತೆಯಲ್ಲಿ ಅದೇ ಒಂದು ಇಂಚು. ಎಡಕ್ಕೆ ಐದು ಅಡಿ, ಬಲಕ್ಕೆ ಐದು ಅಡಿ ಒಂದು ಇಂಚು. ಎಡಗಡೆ ರೀಪುಗಳನ್ನು ಅರ್ಧ ಇಂಚು ಕೊಯ್ದರೆ ಸಾಕು. ಬಲಗಡೆಯವು ನಾಲ್ಕೂ ದಂಡ. ಕೊಯ್ದ ಮರವನ್ನು ಉದ್ದ ಮಾಡುವ ವಿದ್ಯೆ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಮರ ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ. ದೊಡ್ಡಪ್ಪನಿಗೆ ನಾನೇ ಆಡಿದ ಮಾತು ನೆನಪಾಯಿತು. ಅಳೆಯದ ಅಳತೆಯನ್ನು ಚೆನ್ನಾಗಿ ಬರೆದು, ಕೆಳಗೆ ಸಹಿ ಹಾಕಿ, ಕೇಳಿದ ಮಗುವಿನ ಬಾಯಿ ಮುಚ್ಚಿಸಿದ್ದೆ. ಎಲ್ಲಪ್ಪನವರು ಬೇರೆಯವರು ಹೇಳಿದ್ದನ್ನು ಬರೆದರು. ನನಗೆ ಯಾರೂ ಹೇಳಿರಲಿಲ್ಲ.

ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ ತರಗತಿಗೆ ಹೋಗಿ ಗೋಡೆಯ ಮೇಲಿದ್ದ ನನ್ನ ನಕ್ಷೆಯನ್ನು ಕಿತ್ತೆ. ಆ ಹುಡುಗಿಯನ್ನು ಕರೆದು, "ನೀನು ಕೇಳಿದ್ದು ಸರಿ ಇತ್ತಮ್ಮ. ಆ ಅಳತೆ ಎಲ್ಲಿಂದಲೂ ಬಂದಿರಲಿಲ್ಲ. ನಾನು ಊಹೆ ಮಾಡಿದ್ದೆ. ನಿನ್ನನ್ನ ಸುಮ್ಮನೆ ಕೂರಿಸಿದ್ದು ತಪ್ಪು" ಎಂದೆ. ಈ ಸಲ ಯಾರೂ ನಗಲಿಲ್ಲ. ಅವಳು ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡಿದ್ದು, "ಹಂಗಾದ್ರೆ ಪಂಖದ ಅಳತೆ ಎಲ್ಲಿಂದ ಬಂತು ಸಾರ್?" ಎಂದಳು. ಅದನ್ನೂ ಮತ್ತೆ ನೋಡಬೇಕಾಯಿತು! ಅದು ಸರಿ ಇತ್ತು. ಮೂಲದಲ್ಲಿ ಎಂಟೂವರೆ ಅಡಿ, ನಮ್ಮದರಲ್ಲಿ ಎರಡು ಅಡಿ ಒಂದೂವರೆ ಇಂಚು.

ಮಕ್ಕಳೇ, ರೈಟ್ ಸಹೋದರರು ಗೆದ್ದದ್ದೂ ಇದೇ ಪ್ರಶ್ನೆಯಿಂದ. ಗಾಳಿಯ ಒತ್ತಡದ ಲೆಕ್ಕಕ್ಕೆ ಸ್ಮೀಟನ್ ಎಂಬ ದೊಡ್ಡ ಇಂಜಿನಿಯರ್ ಹೆಸರಿನ ಒಂದು ಅಂಕಿ ಇತ್ತು, 0.005. ನೂರು ವರ್ಷಕ್ಕೂ ಮೇಲ್ಪಟ್ಟು ಎಲ್ಲರೂ ಅದನ್ನೇ ಬಳಸುತ್ತಿದ್ದರು. ಆ ಲೆಕ್ಕದಂತೆ ಮಾಡಿದ ಗ್ಲೈಡರ್ 1901ರಲ್ಲಿ ನಿರೀಕ್ಷೆಯಷ್ಟು ಏಳಲಿಲ್ಲ. ಅಣ್ಣತಮ್ಮಂದಿರು ಆ ಅಂಕಿಯನ್ನೇ ಅನುಮಾನಿಸಿದರು. ತಾವೇ ಲೆಕ್ಕ ಹಾಕಿದಾಗ ಸಿಕ್ಕಿದ್ದು ಸುಮಾರು 0.0033. ಆಮೇಲೆ ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಅದರೊಳಗೆ ಗಾಳಿ ಊದಿ, ಪುಟ್ಟ ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದೊಡ್ಡವರ ಹೆಸರಿದೆ ಎಂದು ಸುಮ್ಮನಿದ್ದಿದ್ದರೆ 1903 ಬರುತ್ತಿರಲಿಲ್ಲ.

ನಕ್ಷೆ ಸಿಕ್ಕಿದ ಮಾತ್ರಕ್ಕೆ ಎಲ್ಲ ಆಯಿತು ಎಂದೂ ತಿಳಿಯಬೇಡಿ. ನೂರು ವರ್ಷ ತುಂಬಿದ ದಿನ, 2003ರ ಡಿಸೆಂಬರ್ 17ರಂದು, ಅಮೇರಿಕದಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿ ಕಟ್ಟಿದ ಪ್ರತಿರೂಪವನ್ನು ಅದೇ ಜಾಗದಲ್ಲಿ ಹಾರಿಸಲು ಹೋದರು. ಮಳೆ ಬಂತು, ಗಾಳಿ ಸಾಲಲಿಲ್ಲ, ವಿಮಾನ ಏಳದೆ ಕೆಸರಿಗೆ ಇಳಿಯಿತು. ಪ್ರಯತ್ನಿಸಿದವರು ಅದನ್ನು ಮುಚ್ಚಿಡಲಿಲ್ಲ.

ನಮ್ಮ ವಿಮಾನದ ಜೊತೆಗೆ ಒಂದು ರಿಜಿಸ್ಟರನ್ನೂ ಇಂದು ಶಾಲೆಗೆ ಒಪ್ಪಿಸುತ್ತಿದ್ದೇವೆ. ಬರೆದವರು ಮಕ್ಕಳು. ಪ್ರತಿ ಭಾಗದ ಅಳತೆಯ ಮುಂದೆ ಒಂದು ಗುರುತು ಇದೆ. ನಾವೇ ಅಳೆದದ್ದು ನೀಲಿ. ಮೂಲದ ನಕ್ಷೆಯಿಂದ ತೆಗೆದದ್ದು ಕಪ್ಪು. ಊಹೆ ಮಾಡಿದ್ದು ಕೆಂಪು. ಕೆಂಪು ಇನ್ನೂ ಸಾಕಷ್ಟಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮುಂದಿನ ಮಕ್ಕಳು ಒಂದೊಂದನ್ನೇ ಹುಡುಕಿ ಕಪ್ಪು ಮಾಡಲಿ. ದಂಡವಾದ ನಾಲ್ಕು ರೀಪುಗಳಲ್ಲಿ ಮೂರು ರಿಜಿಸ್ಟರ್ ಇಡುವ ಗೂಡಿಗೆ ಹಲಗೆಯಾದವು. ನಾಲ್ಕನೆಯದನ್ನು ವಿಮಾನದ ಕೆಳಗೆ ಗೋಡೆಗೆ ಹೊಡೆದಿದ್ದೇವೆ. ಅದರ ಮೇಲೆ ಆ ಹುಡುಗಿಯ ಪ್ರಶ್ನೆಯನ್ನು ಅವಳ ಕೈಯಲ್ಲೇ ಬರೆಸಿದ್ದೇನೆ.

ರೀಪು ಕೊಯ್ದು ಕೂಲಿ ತೆಗೆದುಕೊಳ್ಳದ ಆಚಾರ್ರಿಗೆ, ಬಟ್ಟೆ ಹೊಲಿದುಕೊಟ್ಟ ತಾಯಂದಿರಿಗೆ, ಚೈನು ಕೊಟ್ಟ ಸೈಕಲ್ ಅಂಗಡಿಯವರಿಗೆ, ಪುಸ್ತಕ ಕೊಟ್ಟ ದೊಡ್ಡಪ್ಪನವರಿಗೆ ನನ್ನ ವಂದನೆಗಳು. ದೊಡ್ಡಪ್ಪನವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಮೊನ್ನೆ ಬಂದು ಟೇಪು ಹಿಡಿದು ಎರಡು ರೆಕ್ಕೆಯನ್ನೂ ತಾವೇ ಅಳೆದು ನೋಡಿ, "ಸರಿ ಐತೆ ಕಣಪ್ಪ" ಎಂದರು. ನನಗೆ ಅಷ್ಟು ಸಾಕು.

ಗುರುಗಳೇ, ಈ ಶಾಲೆಯಲ್ಲಿ ನಾನು ಹತ್ತನೇ ತರಗತಿ ಪಾಸಾಗಿ ಎಷ್ಟೋ ವರ್ಷವಾಯಿತು. ಒಂಬತ್ತನೆಯದರ ಪಾಠವೊಂದು ಬಾಕಿ ಇತ್ತು. ಅದು ಈಗ ಮುಗಿಯಿತು.