ಗರ್ಭದ ಕೂಸು ಮತ್ತು ನಮ್ಮ ಮತ

(ಶತಮಾನೋತ್ಸವ ಸಮಾರಂಭದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಹಗರೆಯ ನಮ್ಮ ಹಿರಿಯರಲ್ಲಿ ಬಹುಮಂದಿಗೆ ಮತದಾನದ ಹಕ್ಕಿರಲಿಲ್ಲ. ನಮಗೆ ಅದು ಇದೆ. ಆದುದರಿಂದ ಅದರ ಲೆಕ್ಕವನ್ನೂ ನಾವು ದೇವರಿಗೆ ಒಪ್ಪಿಸಬೇಕಾಗಿದೆ.

ಕಳೆದ ಚುನಾವಣೆಯ ಸಮಯದಲ್ಲಿ ಹಿರಿಯರೊಬ್ಬರು ಬಲಿಪೂಜೆಯ ನಂತರ ನನ್ನನ್ನು ತಡೆದು, "ಸ್ವಾಮಿ, ಭ್ರೂಣಹತ್ಯೆಯನ್ನು ವಿರೋಧಿಸಿದ ಅಭ್ಯರ್ಥಿ ಯಾರು ಹೇಳಿ, ನನ್ನ ಓಟು ಅವರಿಗೇ" ಎಂದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅಭ್ಯರ್ಥಿಯ ಹೆಸರನ್ನು ನಾನು ಇಂದೂ ಹೇಳಲಾರೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು 1951ರ ಪ್ರಜಾಪ್ರತಿನಿಧಿ ಕಾಯಿದೆ ನಿಷೇಧಿಸಿದೆ, ಅದು ಯುಕ್ತವೂ ಆಗಿದೆ. ಆದರೆ ತೂಗುವ ಬಗೆಯನ್ನು ಹೇಳಬಲ್ಲೆ.

ಗರ್ಭಪಾತಕ್ಕೆ ಅವಕಾಶವಿತ್ತ ಕಾಯಿದೆ 1971ರಲ್ಲಿ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಬಂದಿತು. ಅಂದಿನ ಮಿತಿ 20 ವಾರ. 2021ರಲ್ಲಿ ಭಾರತೀಯ ಜನತಾ ಪಕ್ಷದ ನೇತೃತ್ವದ ಸರ್ಕಾರ ಆ ಮಿತಿಯನ್ನು ಕೆಲವು ವರ್ಗದ ಸ್ತ್ರೀಯರಿಗೆ 24 ವಾರಕ್ಕೆ ಏರಿಸಿತು. ಶಿಶುವಿನಲ್ಲಿ ತೀವ್ರ ನ್ಯೂನತೆ ಕಂಡಲ್ಲಿ ವೈದ್ಯಮಂಡಳಿಯ ಒಪ್ಪಿಗೆಯಿದ್ದರೆ ವಾರಗಳ ಮಿತಿಯೇ ಇಲ್ಲ. ರಾಜ್ಯಸಭೆ ಇದನ್ನು ಧ್ವನಿಮತದಿಂದ ಅಂಗೀಕರಿಸಿತು. ಧ್ವನಿಮತದಲ್ಲಿ ಯಾರು ಹೌದೆಂದರು, ಯಾರು ಅಲ್ಲವೆಂದರು ಎಂಬ ಪಟ್ಟಿ ಉಳಿಯುವುದಿಲ್ಲ. ಹೀಗಾಗಿ ಪಕ್ಷದ ಚಿಹ್ನೆಯನ್ನು ನೋಡಿ ಈ ವಿಷಯವನ್ನು ತೀರ್ಮಾನಿಸಲು ಬರುವುದಿಲ್ಲ.

ಹಾಗೆಂದು ಕೈಚೆಲ್ಲಬೇಕೇ? ಕೂಡದು. ಆಲೂಗೆಡ್ಡೆಯ ಬಿತ್ತನೆ ಬೀಜ ಕೊಳ್ಳುವಾಗ ಒಂದೊಂದನ್ನೂ ಹೊರಳಿಸಿ ನೋಡುವ ನಾವು, ಮನೆಬಾಗಿಲಿಗೆ ಬಂದು ಕೈಮುಗಿಯುವವರನ್ನು ಪ್ರಶ್ನಿಸದೆ ಕಳುಹಿಸುವುದೇಕೆ? 1994ರ ಕಾಯಿದೆಯು ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸಿದೆ. ಆದರೂ 2023ರಲ್ಲಿ ನೆರೆಯ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಕೂಸುಗಳನ್ನು ಪತ್ತೆಹಚ್ಚುತ್ತಿದ್ದ ಜಾಲ ಬಯಲಾಯಿತು. ಈ ಕಾಯಿದೆಯ ಪಾಲನೆಗೆ ಶಾಸಕರಾಗಿ ಏನು ಮಾಡಿದಿರಿ? ಬಡ ಬಸುರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಅನುಕೂಲ ಕಲ್ಪಿಸಿದಿರಿ? ಒಲ್ಲೆನೆನ್ನುವ ದಾದಿಯ ಮನಸ್ಸಾಕ್ಷಿಯನ್ನು ಕಾಯುವಿರಾ? ಇವಕ್ಕೆ ಬರುವ ಉತ್ತರವೇ ಅಭ್ಯರ್ಥಿಯ ನಿಜವಾದ ದಾಖಲೆ.

ಜಗದ್ಗುರು ಎರಡನೆಯ ಜಾನ್ ಪಾಲರು 1995ರ ತಮ್ಮ ವಿಶ್ವಪತ್ರದಲ್ಲಿ, ಕೆಟ್ಟ ಕಾಯಿದೆಯನ್ನು ಪೂರ್ಣವಾಗಿ ತೊಡೆಯಲಾಗದಿದ್ದಾಗ ಅದರ ಕೇಡನ್ನು ತಗ್ಗಿಸುವ ಕ್ರಮವನ್ನು ಶಾಸನಕರ್ತನು ಬೆಂಬಲಿಸಬಹುದೆಂದು ಬೋಧಿಸಿದರು. ಆದರೆ ಅವನ ಸ್ವಂತ ವಿರೋಧ ಎಲ್ಲರಿಗೂ ತಿಳಿದಿರಬೇಕು. ಮತದಾರನಿಗೂ ಇದರಲ್ಲಿ ಪಾಠವಿದೆ. ನಿರ್ದೋಷಿಯಾದ ಅಭ್ಯರ್ಥಿ ದೊರೆಯದಿದ್ದರೆ, ಜೀವಕ್ಕೆ ಕಡಿಮೆ ಕೇಡು, ಹೆಚ್ಚು ರಕ್ಷಣೆ ಯಾರಿಂದ ಎಂದು ತೂಗಿರಿ. ಹಣಕ್ಕೂ ಜಾತಿಗೂ ಆ ತಕ್ಕಡಿಯಲ್ಲಿ ಸ್ಥಾನವಿಲ್ಲ.

ಕೊನೆಗೊಂದು ಕಹಿಮಾತು. ಮರಿಯಮ್ಮನವರ ಧ್ವನಿ ಕೇಳಿ ಎಲಿಜಬೇತಳ ಗರ್ಭದಲ್ಲಿ ಕೂಸು ನಲಿದಾಡಿತು. ಏಕೆಂದರೆ ಬಂದವರು ಸೇವೆಗೆ ಬಂದಿದ್ದರು. ನಮ್ಮ ಕೇರಿಯಲ್ಲಿ ಮದುವೆಯಾಗದ ಹುಡುಗಿ ಬಸುರಾದರೆ ನಾವು ಹೋಗುವುದು ಸೇವೆಗೋ, ನಿಂದೆಗೋ? ನಮ್ಮ ನಾಲಿಗೆಗೆ ಹೆದರಿ ಆಕೆ ಕದ್ದು ಆಸ್ಪತ್ರೆಗೆ ಹೋದರೆ ಆ ಪಾಪದಲ್ಲಿ ನಮಗೂ ಪಾಲಿದೆ. ಅಭ್ಯರ್ಥಿಯ ದಾಖಲೆಯನ್ನು ತೂಗುವವರು ಮೊದಲು ತಮ್ಮ ಮನೆಯ ದಾಖಲೆಯನ್ನು ತೂಗಿಕೊಳ್ಳಲಿ.

ಜೀವದಾತನಾದ ದೇವರು ನಿಮ್ಮನ್ನೂ, ಹುಟ್ಟಲಿರುವ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.