ಗೊರಕೆಯ ಕಾಯಿಲೆಗೆ ಯಾವ ಯಂತ್ರ? ಫಿಕ್ಸೆಡ್ಡೋ, ಆಟೋನೋ?

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಆದರೂ ಈ ವಿಷಯವನ್ನು ನನಗೆ ಒಪ್ಪಿಸಿದ್ದಕ್ಕೆ ಎರಡು ಕಾರಣಗಳಿವೆ. ನಿಧಿಯ ಲೆಕ್ಕ ನೋಡುವವರಲ್ಲಿ ನಾನೂ ಒಬ್ಬ. ಜೊತೆಗೆ, ಆರು ವರ್ಷಗಳಿಂದ ಪ್ರತಿ ರಾತ್ರಿ ಈ ಯಂತ್ರದ ಮಾಸ್ಕ್ ಹಾಕಿಕೊಂಡೇ ಮಲಗುವವನು.

ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ ಯಂತ್ರಕ್ಕಾಗಿ ಈ ಸಲ ನಮ್ಮ ನಿಧಿಗೆ ಮೂರು ಅರ್ಜಿ ಬಂದಿವೆ. ಹೆಸರು ಹೇಳುವುದಿಲ್ಲ. ಒಬ್ಬರು ಬೆಳಗಿನ ಜಾವ ವಾಶಿ ಮಾರುಕಟ್ಟೆಯಿಂದ ತರಕಾರಿ ಟೆಂಪೊ ಓಡಿಸುವವರು. ಸಿಗ್ನಲ್‌ನಲ್ಲಿ ನಿಂತರೆ ಸಾಕು, ತೂಕಡಿಕೆ ಬರುತ್ತದೆ ಎಂದು ಅವರೇ ಅರ್ಜಿಯಲ್ಲಿ ಬರೆದಿದ್ದಾರೆ. ಇನ್ನೊಬ್ಬರು ಹೋಟೆಲಿನಲ್ಲಿ ಕ್ಯಾಷಿಯರ್. ಮೂರನೆಯವರು ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಳಿಸುವ ಹೆಂಗಸು. ಅವರಿಗೆ ಹೃದಯದ ತೊಂದರೆಯೂ ಇದೆ. ಮೂವರ ಅರ್ಜಿಯ ಜೊತೆಗೂ ಅಂಗಡಿಯವರ ಎರಡೆರಡು ಕೊಟೇಶನ್ ಇವೆ. ಕಡಿಮೆ ಬೆಲೆಯದ್ದು ಫಿಕ್ಸೆಡ್ ಯಂತ್ರ, ಹೆಚ್ಚು ಬೆಲೆಯದ್ದು ಆಟೋ.

ಕಳೆದ ಸಭೆಯಲ್ಲಿ ನಮ್ಮ ಹಿರಿಯರೊಬ್ಬರು ನೇರವಾಗಿ ಕೇಳಿದರು: "ಅನುಕೂಲ ಇದ್ದವರೆಲ್ಲ ಆಟೋ ತಗೊಳ್ತಾರೆ. ಇಲ್ಲದವರಿಗೆ ಮಾತ್ರ ನಾವು ಅಗ್ಗದ್ದು ಕೊಡೋದು ನ್ಯಾಯವೇನ್ರೀ?" ಪ್ರಶ್ನೆ ಸರಿಯಾದದ್ದು. ಅದಕ್ಕೆ ಉತ್ತರ ಹುಡುಕಲು ಈ ಒಂದೂವರೆ ತಿಂಗಳು ಓದಿದೆ, ಡಾಕ್ಟರರನ್ನು ಕೇಳಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕಾಯಿಲೆಯ ವಿಷಯ. ನಿದ್ರೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಆ ದಾರಿ ಪೂರ್ತಿ ಮುಚ್ಚಿಯೇ ಹೋಗುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಉಸಿರು ನಿಂತರೆ ಅದನ್ನು ಆಪ್ನಿಯಾ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ರೋಗಿಗೆ ಇದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ಉಸಿರು ನಿಲ್ಲುವುದು ಅಥವಾ ತೀರಾ ಕಡಿಮೆಯಾಗುವುದು ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ಲೆಕ್ಕ. ನಮ್ಮ ಟೆಂಪೊ ಚಾಲಕರ ಸ್ಲೀಪ್ ಸ್ಟಡಿಯಲ್ಲಿ ಬಂದ ಸಂಖ್ಯೆ 41. ಎಂಟು ಗಂಟೆ ಮಲಗಿ ಎದ್ದರೂ ಅವರಿಗೆ ನಿದ್ರೆ ಮಾಡಿದ ಹಾಗೆ ಅನ್ನಿಸದಿದ್ದರೆ ಆಶ್ಚರ್ಯವಿಲ್ಲ.

ಈಗ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಐದು ರೋಗಿಗಳ ವಿವರ ಪ್ರಕಟಿಸಿದರು. ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿ ಬಿಡುತ್ತಿದ್ದರೆ ಗಂಟಲು ಮುಚ್ಚುವುದಿಲ್ಲ, ಇದೇ ಅದರ ಸಾರ. ಇಂದಿನ ಸಿಪ್ಯಾಪ್ ಯಂತ್ರಗಳೆಲ್ಲ ಅಲ್ಲಿಂದ ಬಂದವು. ಯಂತ್ರ ಕೊಡುವುದು ಆಮ್ಲಜನಕವಲ್ಲ, ನಮ್ಮ ಕೋಣೆಯ ಗಾಳಿಯೇ. ಒತ್ತಡವನ್ನು ನೀರಿನ ಸೆಂಟಿಮೀಟರ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 4ರಿಂದ 20ರವರೆಗೆ. ನನ್ನದು 9. ಬಿ.ಪಿ. ಅಳೆಯುವ ಪಾದರಸದ ಲೆಕ್ಕದಲ್ಲಿ ಅದು ಏಳು ಮಿಲಿಮೀಟರ್ ಕೂಡ ಆಗುವುದಿಲ್ಲ. ಹೆದರಬೇಕಾದಷ್ಟು ಗಾಳಿಯೇನಲ್ಲ.

ಫಿಕ್ಸೆಡ್ ಎಂದರೆ ಡಾಕ್ಟರು ನಿಗದಿ ಮಾಡಿದ ಒಂದೇ ಒತ್ತಡ, ರಾತ್ರಿಯಿಡೀ. ಆಟೋ ಎಂದರೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಹೇಳಿಟ್ಟರೆ, ಯಂತ್ರವೇ ಉಸಿರಿನ ಹರಿವನ್ನು ಗಮನಿಸಿ, ಗೊರಕೆ ಅಥವಾ ತಡೆ ಕಂಡಾಗ ಒತ್ತಡ ಏರಿಸಿ, ಸರಿಯಾದ ಮೇಲೆ ನಿಧಾನವಾಗಿ ಇಳಿಸುತ್ತದೆ. ಬ್ಯಾಂಕಿನವನಾದ್ದರಿಂದ ನನಗೆ ಗೃಹಸಾಲದ ಫಿಕ್ಸೆಡ್ ರೇಟು, ಫ್ಲೋಟಿಂಗ್ ರೇಟು ನೆನಪಾಗುತ್ತದೆ. ಎರಡರಲ್ಲೂ ಮನೆ ಕಟ್ಟಬಹುದು.

ಆಟೋಗೆ ಒಳ್ಳೆಯ ಗುಣಗಳಿವೆ. ಅಂಗಾತ ಮಲಗಿದಾಗ, ಕನಸಿನ ನಿದ್ರೆಯಲ್ಲಿ, ಮದ್ಯ ಸೇವಿಸಿದ ದಿನ ಹೆಚ್ಚು ಒತ್ತಡ ಬೇಕಾಗುತ್ತದೆ. ಮಗ್ಗುಲಾಗಿ ಮಲಗಿದಾಗ ಕಡಿಮೆ ಸಾಕು. ಆಟೋ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ತುಂಬ ಹೆಚ್ಚಿನ ಒತ್ತಡ ಬೇಕಾಗಿ, ಅದನ್ನು ರಾತ್ರಿಯಿಡೀ ತಾಳಲಾಗದವರಿಗೆ ಅನುಕೂಲ. ಆದರೆ ಅದು ತಡೆ ಕಂಡ ಮೇಲೆ ಏರಿಸುವ ಯಂತ್ರ, ಮೊದಲೇ ಊಹಿಸುವುದಲ್ಲ. ಮಾಸ್ಕಿನ ಅಂಚಿನಿಂದ ಗಾಳಿ ಸೋರಿದರೆ ಅದರ ಲೆಕ್ಕ ತಪ್ಪಬಹುದು. ಒಂದೊಂದು ಕಂಪನಿಯ ಲೆಕ್ಕಾಚಾರವೂ ಒಂದೊಂದು ರೀತಿ.

ಹಾಗಾದರೆ ರೋಗಿಗೆ ಯಾವುದರಿಂದ ಹೆಚ್ಚು ಲಾಭ? ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಕಾಕ್ರೇನ್ ವಿಮರ್ಶೆ 2019ರಲ್ಲಿ ಬಂತು. ಆಟೋ ಇದ್ದವರು ಫಿಕ್ಸೆಡ್ ಇದ್ದವರಿಗಿಂತ ರಾತ್ರಿಗೆ ಸುಮಾರು 13 ನಿಮಿಷ ಹೆಚ್ಚು ಬಳಸಿದರು. ಹಗಲಿನ ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 24 ಅಂಕ. ಅದರಲ್ಲಿ ಕಂಡ ವ್ಯತ್ಯಾಸ ಅರ್ಧ ಅಂಕಕ್ಕೂ ಕಡಿಮೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಅದೇ ವರ್ಷ ಹೊರತಂದ ಮಾರ್ಗಸೂಚಿಯೂ ದಿನನಿತ್ಯದ ಚಿಕಿತ್ಸೆಗೆ ಎರಡರಲ್ಲಿ ಯಾವುದಾದರೂ ಆಗಬಹುದು ಎಂದೇ ಹೇಳುತ್ತದೆ. ಆದ್ದರಿಂದ ನಮ್ಮ ಹಿರಿಯರಿಗೆ ನನ್ನ ಮೊದಲ ಉತ್ತರ: ಫಿಕ್ಸೆಡ್ ಯಂತ್ರ ಬಡವರ ಯಂತ್ರವಲ್ಲ. ಒತ್ತಡ ಸರಿಯಾಗಿ ನಿಗದಿಯಾಗಿದ್ದರೆ ಅದು ಪೂರ್ಣ ಚಿಕಿತ್ಸೆಯೇ. ನಾನು ಬಳಸುವುದೂ ಅದನ್ನೇ.

ಆದರೆ "ಒತ್ತಡ ಸರಿಯಾಗಿ ನಿಗದಿಯಾಗಿದ್ದರೆ" ಎಂಬ ಮಾತಿನಲ್ಲೇ ಖರ್ಚು ಅಡಗಿದೆ. ಅದನ್ನು ಕಂಡುಹಿಡಿಯಲು ಒಂದು ರಾತ್ರಿ ಆಸ್ಪತ್ರೆಯಲ್ಲಿ ತಂತಿಗಳನ್ನು ಅಂಟಿಸಿ, ತಂತ್ರಜ್ಞರು ಕಾದು ಕುಳಿತು ಒತ್ತಡ ಏರಿಸುತ್ತಾ ನೋಡಬೇಕು. ಇದಕ್ಕೆ ಟೈಟ್ರೇಶನ್ ಎನ್ನುತ್ತಾರೆ. ಆ ಬಿಲ್ಲು ಸೇರಿದರೆ ಅಗ್ಗದ ಯಂತ್ರ ಅಗ್ಗವಾಗಿ ಉಳಿಯುವುದಿಲ್ಲ. ಇನ್ನೊಂದು ದಾರಿ, ಆಟೋ ಯಂತ್ರವನ್ನು ಒಂದೆರಡು ವಾರ ಮನೆಯಲ್ಲಿ ಬಳಸುವುದು. ಅದರ ವರದಿ ನೋಡಿ ಡಾಕ್ಟರು ಒತ್ತಡ ನಿಗದಿ ಮಾಡುತ್ತಾರೆ. ನನ್ನ 9 ಬಂದದ್ದು ಹೀಗೇ, ಬಾಡಿಗೆಗೆ ತಂದ ಆಟೋ ಯಂತ್ರದಿಂದ. ಬೇರೆ ದೊಡ್ಡ ಕಾಯಿಲೆ ಇಲ್ಲದ ವಯಸ್ಕರಿಗೆ ಈ ದಾರಿಯೂ ಸರಿ ಎಂದು ಅದೇ ಮಾರ್ಗಸೂಚಿ ಒಪ್ಪುತ್ತದೆ. ಹೃದಯ ವೈಫಲ್ಯ, ತೀವ್ರ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಮತ್ತು ಮೆದುಳೇ ಉಸಿರಾಟದ ಸೂಚನೆ ಕೊಡಲು ತಡೆಯುವ ಬೇರೆ ಬಗೆಯ ಆಪ್ನಿಯಾ ಇದ್ದವರಿಗೆ ಇದು ಸಲ್ಲದು. ಅವರಿಗೆ ಆಸ್ಪತ್ರೆಯ ರಾತ್ರಿಯೇ ಬೇಕು.

ಇಲ್ಲಿಂದ ನನ್ನ ಪ್ರಸ್ತಾಪ. ಸಂಘ ಎರಡು ಆಟೋ ಯಂತ್ರಗಳನ್ನು ಕೊಂಡು ಇಟ್ಟುಕೊಳ್ಳಲಿ. ಗ್ರಂಥಾಲಯದ ಪುಸ್ತಕದ ಹಾಗೆ ಅರ್ಜಿದಾರರಿಗೆ ಎರಡು ವಾರ ಎರವಲು ಕೊಡೋಣ. ಮಾಸ್ಕ್, ಕೊಳವೆ, ಫಿಲ್ಟರ್ ಪ್ರತಿಯೊಬ್ಬರಿಗೂ ಹೊಸದು. ಡಾಕ್ಟರು ಒತ್ತಡ ಬರೆದುಕೊಟ್ಟ ಮೇಲೆ ಫಿಕ್ಸೆಡ್ ಯಂತ್ರ ಕೊಡಿಸೋಣ. ಡಾಕ್ಟರು ಕಾರಣ ಬರೆದು ಆಟೋನೇ ಬೇಕೆಂದರೆ, ಬೆಲೆ ನೋಡದೆ ಅದನ್ನೇ ಕೊಡಿಸೋಣ. ಟೆಂಪೊ ಚಾಲಕರಿಗೂ ಕ್ಯಾಷಿಯರರಿಗೂ ಅವರ ಡಾಕ್ಟರು ಈ ಕ್ರಮ ಒಪ್ಪಿದ್ದಾರೆ. ಡಬ್ಬಿ ಕಳಿಸುವ ಅಮ್ಮನವರ ಹೃದಯದ ಡಾಕ್ಟರು ಮಾತ್ರ ಆಸ್ಪತ್ರೆಯಲ್ಲೇ ಟೈಟ್ರೇಶನ್ ಆಗಬೇಕು ಎಂದಿದ್ದಾರೆ. ಆ ಖರ್ಚನ್ನು ನಿಧಿ ಪೂರ್ತಿ ಭರಿಸಲಿ. ಇದರಲ್ಲಿ ಯಾರಿಗೂ ಅಗ್ಗದ್ದು ಕೊಟ್ಟ ಹಾಗಾಗಲಿಲ್ಲ. ಅವರವರಿಗೆ ಬೇಕಾದದ್ದು ಕೊಟ್ಟ ಹಾಗಾಯಿತು.

ಉಳಿದ ಹಣ ಎಲ್ಲಿಗೆ? ಮಾಸ್ಕಿಗೆ. ಯಂತ್ರ ಕೊಂಡವರಲ್ಲಿ ಎಷ್ಟೋ ಜನ ಕೆಲವೇ ತಿಂಗಳಲ್ಲಿ ಅದನ್ನು ಕಪಾಟಿನ ಮೇಲಿಡುತ್ತಾರೆ. ಕಾರಣ ಫಿಕ್ಸೆಡ್ಡೂ ಅಲ್ಲ, ಆಟೋನೂ ಅಲ್ಲ. ಮಾಸ್ಕ್ ಅಳತೆಗೆ ಕೂರುವುದಿಲ್ಲ, ಮೂಗಿನ ಮೇಲೆ ಗಾಯವಾಗುತ್ತದೆ, ಬಾಯಿ ಒಣಗುತ್ತದೆ, ಕೇಳಲು ಯಾರೂ ಇರುವುದಿಲ್ಲ. ರಾತ್ರಿಗೆ ಕನಿಷ್ಠ 4 ಗಂಟೆ, ನೂರರಲ್ಲಿ 70 ರಾತ್ರಿ ಬಳಸಿದರೆ ಸಮಾಧಾನಕರ ಬಳಕೆ ಎಂದು ವಾಡಿಕೆ. 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಅಧ್ಯಯನದಲ್ಲಿ, ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಜನರನ್ನು ಗಮನಿಸಿದರು. ಸಿಪ್ಯಾಪ್ ಪಡೆದವರ ಬಳಕೆ ಸರಾಸರಿ 3.3 ಗಂಟೆ. ತೂಕಡಿಕೆ, ಗೊರಕೆ ಕಡಿಮೆಯಾದವು. ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದು ಕಾಣಲಿಲ್ಲ. ದಾನಿಗಳಿಗೆ ಇದನ್ನೂ ಹೇಳಬೇಕು. ನಾವು ಹೃದಯಾಘಾತ ತಪ್ಪಿಸುತ್ತೇವೆ ಎಂದು ಮಾತು ಕೊಡುತ್ತಿಲ್ಲ. ಚಾಲಕ ಹಗಲಿನಲ್ಲಿ ಎಚ್ಚರವಾಗಿರಲಿ ಎಂದು ಕೊಡುತ್ತಿದ್ದೇವೆ. ಅದಕ್ಕೆ ಯಂತ್ರ ಮುಖದ ಮೇಲಿರಬೇಕು, ಕಪಾಟಿನ ಮೇಲಲ್ಲ.

ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡಿ ಕೈ ತೊಳೆದುಕೊಂಡರೆ ಅದು ಎನ್‌ಪಿಎ ಆಗುತ್ತಿತ್ತು. ಇದೂ ಹಾಗೆಯೇ. ಮೊದಲ ತಿಂಗಳು ವಾರಕ್ಕೊಮ್ಮೆ ಫೋನ್ ಮಾಡಿ, "ಹೇಗಿದೀರಿ, ನಿದ್ದೆ ಬಂತಾ, ಮಾಸ್ಕ್ ಸೋರ್ತಿದೆಯಾ?" ಎಂದು ಕೇಳುವವರು ಬೇಕು. ಬಳಸಿದ ಗಂಟೆಗಳ ಲೆಕ್ಕ ಯಂತ್ರದಲ್ಲೇ ಇರುತ್ತದೆ. ಮೂರನೆಯ ತಿಂಗಳಿಗೆ ಅದನ್ನು ಡಾಕ್ಟರಿಗೆ ತೋರಿಸಬೇಕು. ವರ್ಷಕ್ಕೊಮ್ಮೆ ಮಾಸ್ಕಿನ ಕುಶನ್ ಬದಲಿಸಲು ನಿಧಿಯಿಂದ ಕೊಡಬೇಕು.

ಕೊನೆಗೆ ಮೂರು ಬೇಡಿಕೆ.

ಮೊದಲನೆಯದು, ಹಣ. ಇಡೀ ಯಂತ್ರವನ್ನೇ ಕೊಡಬೇಕೆಂದಿಲ್ಲ. ಒಂದು ಮಾಸ್ಕಿನ ಬೆಲೆ ಕೊಟ್ಟರೂ ಒಬ್ಬರ ಒಂದು ವರ್ಷದ ನಿದ್ರೆಗೆ ನೆರವಾದಂತೆ. ಚೆಕ್ಕಿನ ಹಿಂದೆ "ನಿದ್ರಾ ನೆರವು" ಎಂದು ಬರೆಯಿರಿ, ಲೆಕ್ಕ ಪ್ರತ್ಯೇಕವಾಗಿ ಇಡುತ್ತೇವೆ.

ಎರಡನೆಯದು, ಮನೆಯಲ್ಲಿ ಬಳಸದೆ ಇಟ್ಟ ಯಂತ್ರ. ಆಟೋ ಯಂತ್ರಗಳನ್ನು ಸಾಮಾನ್ಯವಾಗಿ ಒಂದೇ ಒತ್ತಡಕ್ಕೂ ಹೊಂದಿಸಬಹುದು, ಆದ್ದರಿಂದ ಯಾವುದಾದರೂ ಉಪಯೋಗಕ್ಕೆ ಬರುತ್ತದೆ. ಆದರೆ 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಸದ್ದು ತಡೆಯುವ ಫೋಮ್ ಪುಡಿಯಾಗಬಹುದೆಂದು ತನ್ನ ಹಲವು ಮಾದರಿಗಳನ್ನು ಹಿಂದಕ್ಕೆ ಕರೆದಿತ್ತು. ಆದ್ದರಿಂದ ಸೀರಿಯಲ್ ನಂಬರ್ ಪರಿಶೀಲಿಸದೆ ಯಾವ ಹಳೆಯ ಯಂತ್ರವನ್ನೂ ನಾವು ಯಾರಿಗೂ ಕೊಡುವುದಿಲ್ಲ.

ಮೂರನೆಯದು, ಸಮಯ. ವಾರಕ್ಕೆ ಅರ್ಧ ಗಂಟೆ ಫೋನಿನಲ್ಲಿ ವಿಚಾರಿಸುವ ನಾಲ್ಕು ಜನ ಬೇಕು. ಕನ್ನಡದಲ್ಲಿ ಕೇಳಿದರೆ ನಮ್ಮವರು ಮನಸ್ಸು ಬಿಚ್ಚಿ ಹೇಳುತ್ತಾರೆ. ಆಸ್ಪತ್ರೆಯ ಗಡಿಬಿಡಿಯಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಲು ಸಂಕೋಚಪಟ್ಟದ್ದನ್ನು ಇಲ್ಲಿ ಹೇಳುತ್ತಾರೆ. ಮೊದಲ ಹೆಸರು ನನ್ನದನ್ನೇ ಬರೆದುಕೊಳ್ಳಿ. ಉಳಿದ ಮೂವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಕೊಡಿ.

ಪ್ರಸ್ತಾಪವನ್ನು ಸಮಿತಿಯ ಮುಂದೆ ಇಟ್ಟಿದ್ದೇನೆ. ಟೆಂಪೊ ಚಾಲಕರ ಅರ್ಜಿಯನ್ನು ಮೊದಲು ಎತ್ತಿಕೊಳ್ಳಿ ಎಂದು ಕೋರುತ್ತೇನೆ. ಅವರು ನಾಳೆ ಬೆಳಗಿನ ಜಾವವೂ ಗಾಡಿ ತೆಗೆಯಬೇಕು.