ಯಂತ್ರದ ಪಕ್ಕದಲ್ಲೊಂದು ಕುರ್ಚಿ

(ಸುತ್ತೂರು ಜಾತ್ರೆಯ ವಸ್ತುಪ್ರದರ್ಶನದಲ್ಲಿ ಕೈಗಾರಿಕಾ ಇತಿಹಾಸದ ವಿಭಾಗವನ್ನು ತೆರೆಯುತ್ತ ಆಡಿದ ಮಾತು)

 

ತೇರು, ಕೊಂಡ, ತೆಪ್ಪ, ಕುಸ್ತಿ, ದನಗಳ ಜಾತ್ರೆ ಇಷ್ಟೆಲ್ಲ ಇರುವ ಕಡೆ ಹಳೇ ಯಂತ್ರಗಳನ್ನು ಯಾರು ನೋಡುತ್ತಾರೆ ಸ್ವಾಮಿ ಎಂದು ಸ್ನೇಹಿತರೊಬ್ಬರು ಕೇಳಿದರು. ಇಲ್ಲಲ್ಲದೆ ಇನ್ನೆಲ್ಲಿ ನೋಡುತ್ತಾರೆ ಎಂದೆ. 1880ರಲ್ಲಿ ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಶುರುಮಾಡಿದ್ದೂ ಇದೇ ಲೆಕ್ಕದ ಮೇಲೆ. ದಸರಾ ನೋಡಲು ಜನ ಹೇಗೂ ಬರುತ್ತಾರೆ, ಲೋಕದಲ್ಲಿ ಹೊಸದೇನು ಬಂದಿದೆ ಎಂಬುದನ್ನೂ ಕಂಡು ಹೋಗಲಿ ಎಂದು. ಮ್ಯೂಸಿಯಂ ತಾನೇ ಜನರ ಬಳಿಗೆ ಹೋದದ್ದೂ ಉಂಟು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು. ಅಲ್ಲಿಂದ ಹೊರಟ ವಿಜ್ಞಾನದ ಬಸ್ಸುಗಳು ಹಳ್ಳಿಶಾಲೆಗಳ ಅಂಗಳದಲ್ಲಿ ನಿಂತಿವೆ. ಸೋಮವಾರ ರಜೆ, ಸಂಜೆ ಬಾಗಿಲು ಬಂದ್ ಎನ್ನುವ ಪಟ್ಟಣದ ಮ್ಯೂಸಿಯಂಗೆ ಕಬ್ಬಿನ ಗದ್ದೆಯಲ್ಲಿರುವವರು ಯಾವಾಗ ಹೋಗಬೇಕು? ಜಾತ್ರೆಗೆ ಅಂಥ ಕಟ್ಟುಪಾಡಿಲ್ಲ.

ಮತ್ತೆ, ಕೈಗಾರಿಕೆಯ ಚರಿತ್ರೆ ಎಂದರೆ ನಮಗೆ ದೂರದ್ದೇನಲ್ಲ. ಈ ಊರಿನ ಮಗ್ಗುಲಲ್ಲಿ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಶಿವನಸಮುದ್ರಕ್ಕೆ ಹೋಗುತ್ತಾಳೆ. 1902ರಲ್ಲಿ ಆ ಜಲಪಾತದ ನೀರಿನಿಂದ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ನಮ್ಮ ಗದ್ದೆಗೆ ಹಾಯ್ದು ಮಿಕ್ಕ ನೀರಿಗೂ ಆ ಬೆಳಕಿನಲ್ಲಿ ಒಂದು ಪಾಲಿದೆ.

ನಂಜನಗೂಡಿನ ಹಳೇ ಸೇತುವೆಯನ್ನು ನೀವೆಲ್ಲ ನೋಡಿದ್ದೀರಿ. 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ್ದು. ಆಗ ಪ್ರಪಂಚದಲ್ಲಿ ಉಗಿಬಂಡಿಯೇ ಇರಲಿಲ್ಲ. ಎತ್ತಿನ ಗಾಡಿಗೂ ಕಾಲ್ನಡೆಗೂ ಎಂದು ಎಬ್ಬಿಸಿದ ಆ ಕಂಬಗಳ ಮೇಲೆ, 1891ರಲ್ಲಿ ನಂಜನಗೂಡಿಗೆ ರೈಲು ಬಂದ ಮೇಲೆ ಮೀಟರ್‌ಗೇಜ್ ಗಾಡಿಯೂ ಓಡಿತು. ಒಂದು ಪಕ್ಕ ರಸ್ತೆ, ಇನ್ನೊಂದು ಪಕ್ಕ ಹಳಿ. ಬ್ರಾಡ್‌ಗೇಜ್ ಬಂದ ಮೇಲಷ್ಟೇ ರೈಲು ಹೊಸ ಸೇತುವೆಗೆ ಹೋಯಿತು. ಕಟ್ಟಿದವರು ಎಷ್ಟು ಭಾರಕ್ಕೆಂದು ಕಟ್ಟಿದ್ದರು, ರೈಲಿನವರು ಯಾವ ಧೈರ್ಯದ ಮೇಲೆ ಹಳಿ ಹಾಸಿದರು? ಎಂಜಿನಿಯರಿಂಗ್ ಓದುವ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕೇಳಬೇಕಾದ ಪ್ರಶ್ನೆ ಇದು. ಇಸವಿ ಬರೆದ ಬೋರ್ಡೊಂದನ್ನು ನೆಟ್ಟು ಕೈತೊಳೆದುಕೊಂಡರೆ ಏನೂ ಸಾಗುವುದಿಲ್ಲ. ಆ ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆದ ಗ್ಯಾಂಗ್‌ಮನ್ ಒಬ್ಬರು ಜೊತೆಗಿದ್ದರೆ ಆ ಪ್ರವಾಸವೇ ಬೇರೆ.

ನನ್ನ ಮಾತೆಲ್ಲ ಇದೊಂದೇ. ಯಂತ್ರ ತಂದು ನಿಲ್ಲಿಸುವುದು ಸುಲಭ, ಅದನ್ನು ನಡೆಸಿದವರನ್ನು ಕರೆತಂದು ಮಾತಾಡಿಸುವುದು ಕಷ್ಟ. ಆದರೆ ಮ್ಯೂಸಿಯಂನ ಜೀವ ಇರುವುದು ಅಲ್ಲಿ. ವೇಲ್ಸ್‌ನ ಬ್ಲೆನಾವನ್‌ನಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲ ಗಣಿ 1980ರಲ್ಲಿ ಮುಚ್ಚಿತು. ಮೂರೇ ವರ್ಷಕ್ಕೆ ಅದು ಜನ ನೋಡುವ ಜಾಗವಾಯಿತು. ಅಲ್ಲಿ ಸುತ್ತಾಡಿಸುವವರು ಗಣಿಯಲ್ಲೇ ದುಡಿದವರು. ಬೆಂಕಿಯ ಭಯಕ್ಕೆ ಮೊಬೈಲು, ವಾಚು ಮೇಲೆಯೇ ಬಿಡಿಸಿ, ತಲೆಗೆ ಹೆಲ್ಮೆಟ್ಟು ದೀಪ ಹಾಕಿಸಿ, 90 ಮೀಟರ್ ಆಳಕ್ಕೆ ಇಳಿಸುತ್ತಾರೆ. ನಮ್ಮ ಕೋಲಾರದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿ ಇಳಿದು ದುಡಿದವರಿಗೆ ಈಗ ವಯಸ್ಸಾಗುತ್ತಿದೆ, ಅವರನ್ನು ಮಾತಾಡಿಸುವ ಹೊತ್ತು ಮೀರುತ್ತಿದೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ, ಕ್ಷಮಿಸಿ.

ಹತ್ತಿರದ ಸಂಗತಿಗೆ ಬರೋಣ. ಮೈಸೂರು ರೇಷ್ಮೆ ಸೀರೆ ಎಂದರೆ ಎಲ್ಲರೂ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶುರುಮಾಡಿದ ಮೈಸೂರಿನ ಕಾರ್ಖಾನೆಯನ್ನೂ ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳನ್ನೂ ನೆನೆಯುತ್ತಾರೆ. ಮಗ್ಗಕ್ಕೆ ಹೋಗುವ ನೂಲು ಟಿ. ನರಸೀಪುರದ ಫಿಲೇಚರ್‌ನಿಂದ, ಅಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಿಂದ ಹೋಗುತ್ತದೆ ಎಂಬುದು ಸೀರೆ ಉಟ್ಟವರಿಗೆ ಗೊತ್ತಿಲ್ಲ. ಅಲ್ಲಿಯ ಕೆಲಸ ನೋಡಬೇಕು. ಬೇಯಿಸಿದ ರೇಷ್ಮೆಗೂಡಿನ ಅಂಟು ಮೆತ್ತಗಾಗಿರುತ್ತದೆ. ಬೇಸಿನ್ನಿನ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹಿಡಿಯಬೇಕು, ಅದೋ ಕಣ್ಣಿಗೆ ಕಾಣಿಸಿಯೂ ಕಾಣಿಸದಷ್ಟು ಸಣ್ಣದು. ಒಂದು ಗೂಡಿನ ಎಳೆಗೆ ತಾಕತ್ತಿಲ್ಲ, ಹಲವು ಗೂಡಿನ ಎಳೆ ಕೂಡಿದರೆ ಒಂದು ನೂಲು. ನೂಲು ಓಡುತ್ತಿರುವಾಗಲೇ ಒಂದು ಗೂಡು ಮುಗಿದರೆ ನೂಲು ಸಣಕಲಾಗುತ್ತದೆ. ಆ ಗಳಿಗೆಯಲ್ಲೇ ಇನ್ನೊಂದು ಗೂಡಿನ ತುದಿಯನ್ನು ಬೆರಳಿನಿಂದ ಚಿಮ್ಮಿ ಸೇರಿಸಬೇಕು, ಗಂಟು ಹಾಕುವಂತಿಲ್ಲ. ಈ ಕೆಲಸದಲ್ಲಿ ಇರುವ ಹೆಂಗಸರ ಬೆರಳು ನೋಡಿ. ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಅದ್ದಿ ಚರ್ಮ ಬಿಳಿಚಿ ಸುಲಿದಿರುತ್ತದೆ. ಸೀರೆಯ ಅಂಚು ಹೊಗಳುವ ನಮ್ಮ ಮಾತಿನಲ್ಲಿ ಆ ಬೆರಳುಗಳಿಗೂ ಜಾಗ ಬೇಕು.

ಆದ್ದರಿಂದ ಈ ವಿಭಾಗ ಸಜ್ಜುಮಾಡಿದವರಲ್ಲಿ ಒಂದೆರಡು ಬೇಡಿಕೆ. ಪ್ರತಿ ಯಂತ್ರದ ಪಕ್ಕ ಒಂದು ಕುರ್ಚಿ ಹಾಕಿ, ಅದನ್ನು ನಡೆಸಿದ ನಿವೃತ್ತರನ್ನು ಕೂರಿಸಿ. ಕೂಲಿ ಕೊಡಿ, ಬರೀ ಶಾಲು ಹೊದಿಸಿ ಕಳಿಸಬೇಡಿ. ಅವರು ಆಡುವುದನ್ನು ರೆಕಾರ್ಡ್ ಮಾಡಿಕೊಳ್ಳಿ. ಚೀನಾ ರೇಷ್ಮೆ ಬಂದು ಗೂಡಿನ ರೇಟು ಬಿದ್ದು ಜನ ಹಿಪ್ಪುನೇರಳೆ ಕಿತ್ತ ಕಾಲದ ಕತೆಯನ್ನೂ ಹೇಳಲಿ, ತಡೆಯಬೇಡಿ. ಮೇಷ್ಟ್ರುಗಳಿಗೆ ಇನ್ನೊಂದು ಮಾತು: ಮಕ್ಕಳನ್ನು ಸಾಲು ಹಿಡಿಸಿ ಹತ್ತು ನಿಮಿಷದಲ್ಲಿ ಈ ಬಾಗಿಲಿಂದ ಆ ಬಾಗಿಲಿಗೆ ದಾಟಿಸಬೇಡಿ. ಒಂದೇ ಯಂತ್ರದ ಮುಂದೆ ಅರ್ಧ ಗಂಟೆ ನಿಂತರೂ ನಷ್ಟವಿಲ್ಲ. ಜಾತ್ರೆ ಮುಗಿದ ಮೇಲೂ ತಿಂಗಳಿಗೊಮ್ಮೆ ಬಸ್ಸು ಮಾಡಿ ನಂಜನಗೂಡಿನ ಸೇತುವೆ, 1913ರಲ್ಲಿ ಶುರುವಾಗಿ ಹಲ್ಲುಪುಡಿಗೆ ಹೆಸರಾದ ಅದೇ ಊರಿನ ಸದ್ವೈದ್ಯಶಾಲೆ, ನರಸೀಪುರ, ಮೈಸೂರಿನ ರೈಲ್ವೆ ಮ್ಯೂಸಿಯಂ ಇಷ್ಟನ್ನು ಸುತ್ತಿಸಬಹುದು. ಒಂದೇ ದಿನದ ದಾರಿ, ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚೂ ಹೆಚ್ಚಿಲ್ಲ.

ಒಳಗೆ ಬೇಸಿನ್ನಿನ ನೀರು ಕಾದಿದೆ, ಗೂಡು ಹಾಕಿದ್ದಾರೆ, ಭಾಷಣ ಬೇಗ ಮುಗಿಸಿ ಎಂದು ಹೇಳಿಕಳಿಸಿದ್ದಾರೆ. ತಡವಾದರೆ ಗೂಡು ಹೆಚ್ಚು ಬೆಂದು ಎಳೆ ಕೆಡುತ್ತದಂತೆ. ವಿಭಾಗ ಉದ್ಘಾಟನೆಯಾಯಿತು ಎಂದು ಹೇಳುತ್ತೇನೆ. ಮಕ್ಕಳು ಮೊದಲು ಹೋಗಲಿ.